ಸ್ಟ್ರೇಟ್ ಪೂಲ್ ದೊಡ್ಡ ಟೂರ್ನಿಗೆ ಯಾರೆಲ್ಲ ಬರುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯೂ ಕೋಲಿನಿಂದ ಚೆಂಡುಗಳನ್ನು ಮೇಜಿನ ಪಾಕೆಟ್‌ಗೆ ಹಾಕುವ ಪೂಲ್ ಆಟದ ಒಂದು ಬಗೆ ಸ್ಟ್ರೇಟ್ ಪೂಲ್, ಅಂದರೆ 14.1. ಅದರ ದೊಡ್ಡ ಟೂರ್ನಿಗಳು ಈಗ ವರ್ಷಕ್ಕೆ ಬೆರಳೆಣಿಕೆಯಷ್ಟೇ. ಹಾಗಾಗಿ ಒಂದು ಟೂರ್ನಿಯ ದಿನಾಂಕ ಹೊರಬಿದ್ದ ಕೂಡಲೇ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಇಲ್ಲಿನ ಉತ್ತರಗಳು ಮುಖ್ಯವಾಗಿ ಅಮೆರಿಕದ ಟೂರ್ನಿಗಳನ್ನು ಗಮನದಲ್ಲಿಟ್ಟುಕೊಂಡವು: ವರ್ಜೀನಿಯಾದ ಅಮೆರಿಕನ್ 14.1 ಚಾಂಪಿಯನ್‌ಶಿಪ್, ಇಂಡಿಯಾನಾದ ಡರ್ಬಿ ಸಿಟಿ ಕ್ಲಾಸಿಕ್‌ನ 14.1 ಚಾಲೆಂಜ್, 2006ರಿಂದ ಹಲವು ವರ್ಷ ನಡೆದ ವಿಶ್ವ 14.1 ಟೂರ್ನಿ.

ಪಟ್ಟಿ ಅಂದಾಜು ಮಾಡಲು ಆಟದ ಯಾವ ನಿಯಮಗಳು ಗೊತ್ತಿರಲೇಬೇಕು?

15 ಚೆಂಡು, ಪ್ರತಿ ಚೆಂಡಿಗೂ 1 ಅಂಕ. ಚೆಂಡಿನ ಮೇಲಿನ ಸಂಖ್ಯೆಗೆ ಬೆಲೆ ಇಲ್ಲ; ಯಾವ ಚೆಂಡು, ಯಾವ ಪಾಕೆಟ್ ಎಂದು ಮೊದಲೇ ಹೇಳಿ ಹಾಕಬೇಕು. 14 ಚೆಂಡು ಹೋದ ಮೇಲೆ ಆಟ ನಿಲ್ಲಿಸಿ, ಹದಿನೈದನೆಯದನ್ನು ಇದ್ದಲ್ಲೇ ಬಿಟ್ಟು, ಹಾಕಿದ 14 ಚೆಂಡುಗಳನ್ನು ತ್ರಿಕೋನದ ತುದಿ ಖಾಲಿ ಬಿಟ್ಟು ಮತ್ತೆ ಜೋಡಿಸುತ್ತಾರೆ, ಅಂದರೆ ರ‍್ಯಾಕ್ ಮಾಡುತ್ತಾರೆ. ಆಟಗಾರ ಆ ಹದಿನೈದನೆಯ ಚೆಂಡನ್ನು, ಅಂದರೆ ಬ್ರೇಕ್ ಬಾಲನ್ನು ಹಾಕುವಾಗಲೇ ಕ್ಯೂ ಬಾಲ್ (ಕೋಲಿನಿಂದ ಹೊಡೆಯುವ ಬಿಳಿ ಚೆಂಡು) ರ‍್ಯಾಕ್‌ಗೆ ಬಡಿದು ಅದನ್ನು ಒಡೆಯಬೇಕು. ಹೀಗೆ ತಪ್ಪುವ ತನಕ, ಅಥವಾ ಗುರಿಯ ಅಂಕ ಮುಟ್ಟುವ ತನಕ ಒಬ್ಬನೇ ಆಡುತ್ತ ಹೋಗಬಹುದು. 1910ರ ಸುಮಾರಿಗೆ ಈ ರೂಪ ಕೊಟ್ಟವರು ಜೆರೋಮ್ ಕಿಯೋ ಎಂಬ ಅಮೆರಿಕದ ಆಟಗಾರ.

ಒಂದು ಲೆಕ್ಕ ಮನಸ್ಸಿನಲ್ಲಿರಲಿ. ತುಂಬಿದ ರ‍್ಯಾಕ್‌ನಿಂದ ಶುರು ಮಾಡಿ ಒಂದೇ ಸರದಿಯಲ್ಲಿ 125 ಮುಟ್ಟಬೇಕಾದರೆ 15, 29, 43, 57, 71, 85, 99 ಮತ್ತು 113ನೇ ಚೆಂಡುಗಳಲ್ಲಿ, ಅಂದರೆ 8 ಸಲ ಬ್ರೇಕ್ ಶಾಟ್ ಆಡಬೇಕು. 150ಕ್ಕೆ 10 ಸಲ, 200ಕ್ಕೆ 14 ಸಲ. ಒಬ್ಬ ಆಟಗಾರನಿಗೆ ಈ ಆಟ ನಿಜಕ್ಕೂ ಬರುತ್ತದೆಯೇ ಇಲ್ಲವೇ ಎಂಬುದು ಈ ಬ್ರೇಕ್ ಶಾಟ್‌ಗಳಿಗೆ ಅವನು ಮಾಡಿಕೊಳ್ಳುವ ತಯಾರಿಯಲ್ಲೇ ಗೊತ್ತಾಗುತ್ತದೆ.

ಪ್ರಕಟವಾದ ಆಟಗಾರರ ಪಟ್ಟಿಯನ್ನು ಎಷ್ಟು ನಂಬಬಹುದು?

ಅದು ಯಾವ ಬಗೆಯ ಪಟ್ಟಿ ಎಂಬುದನ್ನು ಮೊದಲು ನೋಡಿ. ಪೋಸ್ಟರ್‌ನಲ್ಲಿ ಬರುವ ಹೆಸರು ಬೇರೆ, ಆಯೋಜಕರಿಗೆ ‘ಬರುತ್ತೇನೆ’ ಎಂದವರ ಹೆಸರು ಬೇರೆ, ಎಂಟ್ರಿ ಫೀ ಕಟ್ಟಿದವರ ಹೆಸರು ಬೇರೆ. ಮೂರನ್ನೂ ಒಟ್ಟಿಗೆ ಸುರಿದ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಟೂರ್ನಿಗೆ ಎರಡು ತಿಂಗಳಿರುವಾಗಲೇ ಒಂದು ಹಾಳೆಯಲ್ಲಿ ಮೂರು ಅಂಕಣ ಮಾಡಿಕೊಳ್ಳಿ: ದುಡ್ಡು ಕಟ್ಟಿದವರು, ಬಾಯಿಮಾತು ಕೊಟ್ಟವರು, ಬರಬಹುದಾದವರು.

ಅಂದಾಜು ಸಂಖ್ಯೆ ಬೇಕಿದ್ದರೆ ನಾವು ಬಳಸುವ ಕ್ರಮ ಹೀಗಿದೆ: ಕಟ್ಟಿದವರಲ್ಲಿ ಹತ್ತಕ್ಕೆ ಒಂಬತ್ತು, ಮಾತು ಕೊಟ್ಟವರಲ್ಲಿ ಅರ್ಧ, ಬರಬಹುದಾದವರಲ್ಲಿ ಕಾಲುಭಾಗ. 30 ಮಂದಿ ಕಟ್ಟಿದ್ದು, 20 ಮಂದಿ ಮಾತು ಕೊಟ್ಟು, 16 ಹೆಸರು ಊಹೆಯಲ್ಲಿದ್ದರೆ 27, 10, 4 ಸೇರಿ 41. ಇದು ಅನುಭವದ ಕಟ್ಟು, ವಿಜ್ಞಾನವಲ್ಲ. ಫೀ ವಾಪಸ್ ಕೊಡುವ ಕೊನೆಯ ದಿನ ಕಳೆದ ಮೇಲೆ ಮೊದಲ ಅಂಕಣ ಬಹಳ ಗಟ್ಟಿಯಾಗುತ್ತದೆ. ಆ ದಿನಾಂಕವನ್ನು ನಿಯಮಾವಳಿಯಲ್ಲಿ ಹುಡುಕಿ ಬರೆದಿಟ್ಟುಕೊಳ್ಳಿ. ಪಟ್ಟಿಯ ಬಗ್ಗೆ ಗಟ್ಟಿ ಮಾತು ಹೇಳಲು ಅದಕ್ಕಿಂತ ಮುಂಚೆ ಯಾರಿಗೂ ಆಗುವುದಿಲ್ಲ.

ನೈನ್ ಬಾಲ್‌ನ ದೊಡ್ಡ ಹೆಸರುಗಳು ಅನೇಕ ಸಲ ಏಕೆ ಬರುವುದಿಲ್ಲ?

ಮೊದಲ ಕಾರಣ ಕ್ಯಾಲೆಂಡರ್. ವೃತ್ತಿಪರ ಆಟಗಾರನ ವರ್ಷವಿಡೀ ನೈನ್ ಬಾಲ್ ಮತ್ತು ಟೆನ್ ಬಾಲ್ ಎಂಬ ಪೂಲ್‌ನ ಇತರ ಬಗೆಗಳ ಟೂರ್ನಿಗಳ ಸುತ್ತ ಕಟ್ಟಿದ್ದು. ರ‍್ಯಾಂಕಿಂಗ್ ಅಂಕ ಅಲ್ಲಿದೆ, ದೊಡ್ಡ ಬಹುಮಾನವೂ ಅಲ್ಲಿದೆ. 14.1 ಟೂರ್ನಿ ಅಂಥದೊಂದರ ಪಕ್ಕದ ವಾರಕ್ಕೆ, ಪಕ್ಕದ ಊರಿನಲ್ಲಿ ಬಿದ್ದರೆ ಹೇಗೂ ಸಮುದ್ರ ದಾಟಿ ಬಂದವರು ಇದನ್ನೂ ಆಡಿ ಹೋಗುತ್ತಾರೆ. ಅದೇ ವಾರ ಮತ್ತೊಂದು ಖಂಡದಲ್ಲಿ ರ‍್ಯಾಂಕಿಂಗ್ ಟೂರ್ನಿ ಇದ್ದರೆ ಪಟ್ಟಿಯ ಮೇಲ್ಭಾಗವೇ ಖಾಲಿ. ಹಾಗಾಗಿ ಟೂರ್ನಿಯ ಹಿಂದಿನ ಎರಡು ವಾರ, ಮುಂದಿನ ಎರಡು ವಾರ ಎಲ್ಲೆಲ್ಲಿ ಏನೇನಿದೆ ಎಂದು ನೋಡದೆ ಒಂದು ಹೆಸರನ್ನೂ ಬರೆಯಬೇಡಿ. ಡರ್ಬಿ ಸಿಟಿ ಕ್ಲಾಸಿಕ್‌ಗೆ ಇರುವ ಅನುಕೂಲವೇ ಇದು. ಬ್ಯಾಂಕ್ ಪೂಲ್, ಒನ್ ಪಾಕೆಟ್, ನೈನ್ ಬಾಲ್ ಆಡಲು ಜನವರಿಯಲ್ಲಿ ಅಲ್ಲಿ ಸೇರಿದವರೇ 14.1 ಚಾಲೆಂಜ್‌ಗೂ ಕೈಹಾಕುತ್ತಾರೆ. ಅದಕ್ಕೆಂದೇ ಯಾರೂ ಬೇರೆ ಟಿಕೆಟ್ ತೆಗೆಯಬೇಕಿಲ್ಲ.

ಎರಡನೆಯದು ದುಡ್ಡು. ಉದಾಹರಣೆಗೆ, ವಿಮಾನ, ಹೋಟೆಲ್, ಊಟ, ಫೀ ಸೇರಿ ಒಬ್ಬನಿಗೆ 3,000 ಡಾಲರ್ ಖರ್ಚು ಎಂದಿಟ್ಟುಕೊಳ್ಳಿ. ಕ್ವಾರ್ಟರ್ ಫೈನಲ್‌ನಲ್ಲಿ ಸೋತವನಿಗೆ 1,500 ಸಿಗುವುದಾದರೆ, ಪ್ರಾಯೋಜಕರಿಲ್ಲದ ಆಟಗಾರ ಸೆಮಿಫೈನಲ್ ಮುಟ್ಟದೆ ಅಸಲೂ ಕಾಣುವುದಿಲ್ಲ. ಬಹುಮಾನದ ಒಟ್ಟು ಮೊತ್ತಕ್ಕಿಂತ 5ರಿಂದ 8ನೇ ಸ್ಥಾನದವರಿಗೆ ಎಷ್ಟು ಎಂಬುದನ್ನು ನೋಡಿ. ದೂರದವರು ಬರುವುದೋ ಬಿಡುವುದೋ ತೀರ್ಮಾನವಾಗುವುದು ಆ ಸಾಲಿನಲ್ಲಿ.

ಮೂರನೆಯದು ವೀಸಾ, ಮತ್ತು ಅಭಿಮಾನಿಗಳು ಹೆಚ್ಚಾಗಿ ಮರೆಯುವುದೂ ಇದನ್ನೇ. ಜರ್ಮನಿ, ನೆದರ್ಲೆಂಡ್ಸ್, ಬ್ರಿಟನ್, ಪೋಲೆಂಡ್, ತೈವಾನ್ ಮುಂತಾದ ದೇಶಗಳವರು ಅಮೆರಿಕದ ವೀಸಾ ಮನ್ನಾ ಯೋಜನೆಯಡಿ ಆನ್‌ಲೈನ್ ಅನುಮತಿ ಪಡೆದು 90 ದಿನಗಳೊಳಗಿನ ಭೇಟಿಗೆ ಹೋಗಬಹುದು. ಫಿಲಿಪ್ಪೀನ್ಸ್, ಚೀನಾ, ರಷ್ಯಾ, ಭಾರತದವರಿಗೆ ಕಾನ್ಸುಲೇಟ್ ಸಂದರ್ಶನ ಬೇಕು. ಸಂದರ್ಶನದ ದಿನ ಟೂರ್ನಿಯ ನಂತರಕ್ಕೆ ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ಮನಿಲಾದ ಆಟಗಾರ ಆಗಲೇ ಅಮೆರಿಕದಲ್ಲಿ ಪ್ರವಾಸದಲ್ಲಿದ್ದಾನೆಯೇ, ಊರಿನಿಂದಲೇ ಹೊರಡಬೇಕೇ ಎಂಬುದರ ಮೇಲೆ ಅವನ ಹೆಸರು ಎರಡನೇ ಅಂಕಣಕ್ಕೋ ಮೂರನೆಯದಕ್ಕೋ ಹೋಗುತ್ತದೆ.

ನೈನ್ ಬಾಲ್ ರ‍್ಯಾಂಕಿಂಗ್ ಅಥವಾ ಫಾರ್ಗೋರೇಟ್ ನೋಡಿ ಗೆಲ್ಲುವವರನ್ನು ಊಹಿಸಬಹುದೇ?

ಅರ್ಧ ದಾರಿಯವರೆಗೆ ಮಾತ್ರ. ಫಾರ್ಗೋರೇಟ್ ಎಂದರೆ ಪೂಲ್ ಆಟಗಾರರ ಬಲವನ್ನು ಅಂಕದಲ್ಲಿ ಅಳೆಯುವ ಪದ್ಧತಿ. ಫಾರ್ಗೋರೇಟ್‌ನಲ್ಲಿ ಇಬ್ಬರ ನಡುವೆ 100 ಅಂಕ ವ್ಯತ್ಯಾಸವಿದ್ದರೆ ಮೇಲಿನವನು ಎರಡು ಗೇಮ್ ಗೆಲ್ಲುವಷ್ಟರಲ್ಲಿ ಕೆಳಗಿನವನು ಒಂದು ಗೆಲ್ಲುತ್ತಾನೆ ಎಂದರ್ಥ. ಆ ಲೆಕ್ಕಕ್ಕೆ ಹೋಗುವುದು ಎಯ್ಟ್ ಬಾಲ್, ನೈನ್ ಬಾಲ್, ಟೆನ್ ಬಾಲ್ ಗೇಮ್‌ಗಳು. ಚೆಂಡು ಹಾಕುವ ಕೈ ಹೇಗಿದೆ ಎಂಬುದನ್ನು ಆ ಅಂಕ ಸರಿಯಾಗಿಯೇ ಹೇಳುತ್ತದೆ. ಗುಂಪುಗಟ್ಟಿದ ಚೆಂಡುಗಳನ್ನು ಯಾವ ಕ್ರಮದಲ್ಲಿ ಬಿಡಿಸುತ್ತಾನೆ ಎಂಬುದು ಅದರಲ್ಲಿ ಇಲ್ಲ.

ನೈನ್ ಬಾಲ್‌ನಲ್ಲಿ ಮುಂದಿನ ಚೆಂಡು ಯಾವುದೆಂದು ನಿಯಮವೇ ಹೇಳುತ್ತದೆ. ಮೇಜಿನ ಈ ತುದಿಯಿಂದ ಆ ತುದಿಗೆ ಕ್ಯೂ ಬಾಲ್ ಓಡಿಸುವ ಬಲ, ಜಂಪ್ ಶಾಟ್, ಮೊದಲ ಬ್ರೇಕ್ ಇವೆಲ್ಲ ಅಲ್ಲಿ ಗೆಲ್ಲಿಸುತ್ತವೆ. 14.1ರಲ್ಲಿ ಆಟವೆಲ್ಲ ಅರ್ಧ ಮೇಜಿನೊಳಗೆ. ಕ್ಯೂ ಬಾಲ್ ಅಂಗೈ ಅಗಲಕ್ಕಿಂತ ಹೆಚ್ಚು ಸರಿಯದಂಥ ಶಾಟ್‌ಗಳೇ ಜಾಸ್ತಿ. ರ‍್ಯಾಕ್‌ನ ಪಕ್ಕ ಒಳ್ಳೆಯ ಜಾಗದಲ್ಲಿ ನಿಂತಿರುವ ಚೆಂಡನ್ನು ಮುಟ್ಟದೆ ಕೊನೆಯ ತನಕ ಕಾಪಾಡಬೇಕು. ಅದಕ್ಕೆ ಮುಂಚಿನ ಚೆಂಡನ್ನು, ಅಂದರೆ ಕೀ ಬಾಲನ್ನು, ಕ್ಯೂ ಬಾಲ್ ತಾನಾಗಿಯೇ ಸರಿಯಾದ ಕೋನದಲ್ಲಿ ನಿಲ್ಲುವಂತೆ ಆರಿಸಬೇಕು. ಆರೇಳು ಚೆಂಡು ಉಳಿದಿರುವಾಗಲೇ ಇದು ತೀರ್ಮಾನವಾಗಿರಬೇಕು. ನೈನ್ ಬಾಲ್‌ನಲ್ಲಿ ಹೊಳೆಯುವ ಹುಡುಗರು ಇಲ್ಲಿ 40, 50 ಅಂಕ ಸಲೀಸಾಗಿ ಹೊಡೆದು ನಿಂತುಬಿಡುವುದು ಚೆಂಡು ತಪ್ಪಿ ಅಲ್ಲ. ಬ್ರೇಕ್ ಶಾಟ್‌ಗೆ ಕೋನ ಸಿಗದೆ, ಅಥವಾ ರ‍್ಯಾಕ್‌ಗೆ ಬಡಿದ ಕ್ಯೂ ಬಾಲ್ ಅದಕ್ಕೇ ಅಂಟಿಕೊಂಡು.

ರ‍್ಯಾಂಕಿಂಗ್‌ನಿಂದ ಯಾರು ಕ್ವಾರ್ಟರ್ ಫೈನಲ್ ತಲುಪಬಲ್ಲರು ಎಂದು ಹೇಳಬಹುದು. ಅಲ್ಲಿಂದ ಮುಂದಕ್ಕೆ 14.1ರದೇ ದಾಖಲೆ ನೋಡಬೇಕು.

ಹಾಗಾದರೆ 14.1ರಲ್ಲಿ ಬಲ ಇರುವುದು ಎಲ್ಲಿಯವರಿಗೆ?

2006ರಿಂದ 2015ರವರೆಗಿನ ವಿಶ್ವ 14.1 ಟೂರ್ನಿಯ ವಿಜೇತರನ್ನು ನೋಡಿ: 2006ರಲ್ಲಿ ಥಾರ್ಸ್ಟನ್ ಹೋಮನ್, 2007ರಲ್ಲಿ ಆಲಿವರ್ ಓರ್ಟ್‌ಮನ್, 2008ರಲ್ಲಿ ನೀಲ್ಸ್ ಫೈಯನ್, 2009ರಲ್ಲಿ ಸ್ಟೆಫಾನ್ ಕೋಹೆನ್, 2010ರಲ್ಲಿ ಮತ್ತೆ ಓರ್ಟ್‌ಮನ್, 2011ರಲ್ಲಿ ಹೋಮನ್, 2012ರಲ್ಲಿ ಜಾನ್ ಸ್ಮಿಟ್, 2013ರಲ್ಲಿ ಹೋಮನ್, 2014 ಮತ್ತು 2015ರಲ್ಲಿ ಡ್ಯಾರೆನ್ ಆಪಲ್‌ಟನ್. ಹತ್ತರಲ್ಲಿ ಐದು ಜರ್ಮನಿಗೆ, ಎರಡು ಇಂಗ್ಲೆಂಡಿಗೆ, ನೆದರ್ಲೆಂಡ್ಸ್ ಮತ್ತು ಫ್ರಾನ್ಸ್‌ಗೆ ಒಂದೊಂದು. ಆಟ ಹುಟ್ಟಿದ ಅಮೆರಿಕಕ್ಕೆ ಒಂದೇ ಒಂದು.

ಇದರ ಹಿಂದೆ ಗಟ್ಟಿಯಾದ ಕಾರಣವಿದೆ. ಜರ್ಮನಿಯ ಕ್ಲಬ್ ಲೀಗ್ ಪಂದ್ಯಗಳಲ್ಲಿ ಎಯ್ಟ್ ಬಾಲ್, ನೈನ್ ಬಾಲ್, ಟೆನ್ ಬಾಲ್ ಜೊತೆಗೆ 14.1 ಕೂಡ ಒಂದು ವಿಭಾಗ. ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲೂ ಅದಕ್ಕೆ ಪ್ರತ್ಯೇಕ ಪದಕವಿದೆ. ಅಲ್ಲಿನ ಹುಡುಗ ಹದಿನೈದರ ವಯಸ್ಸಿಗೇ ತಂಡಕ್ಕಾಗಿ 14.1 ಆಡಿ ಸೋತು ಗೆದ್ದು ಕಲಿತಿರುತ್ತಾನೆ. ಅಮೆರಿಕದಲ್ಲಿ ನೈನ್ ಬಾಲ್ ಟಿವಿಗೆ ಒಗ್ಗಿದ್ದರಿಂದ 1980ರ ದಶಕದ ಹೊತ್ತಿಗೆ ವೃತ್ತಿಪರ ಸ್ಟ್ರೇಟ್ ಪೂಲ್ ಸೊರಗಿತು. 1990ರಲ್ಲಿ ಬಾಬಿ ಹಂಟರ್ ಗೆದ್ದ ವಿಶ್ವ ಟೂರ್ನಿಯ ನಂತರ ಮುಂದಿನದು ಬಂದಿದ್ದು 2006ಕ್ಕೆ. ಒಂದಿಡೀ ಪೀಳಿಗೆಗೆ ಈ ಆಟ ಪಂದ್ಯದ ಬಿಸಿಯಲ್ಲಿ ಕಲಿಯುವ ಅವಕಾಶವೇ ಸಿಗಲಿಲ್ಲ.

ಆದ್ದರಿಂದ ಪಟ್ಟಿ ನೋಡುವಾಗ ಮೊದಲು ಎಣಿಸಬೇಕಾದ್ದು ಯುರೋಪಿನಿಂದ ಎಷ್ಟು ಮಂದಿ ದುಡ್ಡು ಕಟ್ಟಿದ್ದಾರೆ ಎಂಬುದನ್ನು. ಆ ಸಂಖ್ಯೆ ಎರಡಂಕಿ ಮುಟ್ಟಿದರೆ ಪಟ್ಟಿ ಬಲವಾದದ್ದು ಎಂದೇ ನಮ್ಮ ಎಣಿಕೆ, ಪೋಸ್ಟರ್ ಮೇಲೆ ಯಾರ ಮುಖವೇ ಇರಲಿ. ಅಮೆರಿಕದಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ ಸುತ್ತಮುತ್ತ ಹಳೆಯ ಸ್ಟ್ರೇಟ್ ಪೂಲ್ ನೆಲ ಇನ್ನೂ ಒಣಗಿಲ್ಲ. ಅಲ್ಲಿಂದ ಬರುವ, ಹೊರಗೆ ಹೆಚ್ಚು ಹೆಸರಿಲ್ಲದ ಆಟಗಾರರನ್ನೂ ಗುಂಪಿನ ಹಂತದಲ್ಲಿ ಕಡೆಗಣಿಸುವಂತಿಲ್ಲ.

ಹೈ ರನ್ ಸಂಖ್ಯೆಗಳನ್ನು ಎಷ್ಟು ಲೆಕ್ಕಕ್ಕೆ ತೆಗೆದುಕೊಳ್ಳಬೇಕು?

ಎಚ್ಚರಿಕೆಯಿಂದ. ಒಂದೇ ಸರದಿಯಲ್ಲಿ ತಪ್ಪದೆ ಹಾಕಿದ ಚೆಂಡುಗಳ ಸಂಖ್ಯೆ ರನ್, ಅದರಲ್ಲಿ ಅತಿ ದೊಡ್ಡದು ಹೈ ರನ್. ವಿಲ್ಲಿ ಮೊಸ್ಕೋನಿ 1954ರ ಮಾರ್ಚ್‌ನಲ್ಲಿ ಒಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 526 ಹೊಡೆದಿದ್ದು ಪ್ರದರ್ಶನ ಪಂದ್ಯದಲ್ಲಿ, 8 ಅಡಿಯ ಮೇಜಿನ ಮೇಲೆ. ಜಾನ್ ಸ್ಮಿಟ್ 2019ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಹೊಡೆದ 626, ಜೇಸನ್ ಶಾ 2022ರ ಜನವರಿಯಲ್ಲಿ ಹೊಡೆದ 714, ಇವೆರಡೂ ದಾಖಲೆಗೆಂದೇ ಏರ್ಪಡಿಸಿದ ಪ್ರಯತ್ನಗಳು. ಅಂಥ ಪ್ರಯತ್ನದಲ್ಲಿ ಆಟಗಾರ ಬ್ರೇಕ್ ಬಾಲನ್ನು ತನಗೆ ಬೇಕಾದಲ್ಲಿ ಇಟ್ಟು ಶುರು ಮಾಡುತ್ತಾನೆ, ತಪ್ಪಿದರೆ ಮತ್ತೆ ಮೊದಲಿನಿಂದ. ಎದುರಾಳಿ ಇಲ್ಲ, ಸೇಫ್ಟಿ (ಎದುರಾಳಿಗೆ ಸುಲಭದ ಶಾಟ್ ಸಿಗದಂತೆ ಆಡುವುದು) ಇಲ್ಲ, ಅರ್ಧ ಗಂಟೆ ಕುರ್ಚಿಯಲ್ಲಿ ಕೂತು ತಣ್ಣಗಾಗುವುದೂ ಇಲ್ಲ. ಅಸಾಧಾರಣ ಸಾಧನೆಗಳು ನಿಜ; ಪಂದ್ಯ ಗೆಲ್ಲುವ ಅಳತೆಗೋಲು ಮಾತ್ರ ಬೇರೆ.

ಚೆಂಡೊಂದಕ್ಕೆ ಯಶಸ್ಸಿನ ಪ್ರಮಾಣ ಎಷ್ಟು ಎಂದು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಪ್ರತಿ ಚೆಂಡೂ ಸಮಾನ ಕಷ್ಟದ್ದು ಎಂದು ಹಿಡಿಯೋಣ. 97 ಶೇಕಡಾ ಹಾಕುವವನ ಸರಾಸರಿ ರನ್ 32; ಅವನು ಮೇಜಿಗೆ ಬಂದ ಒಂದು ಸರದಿಯಲ್ಲಿ 100 ದಾಟುವ ಸಾಧ್ಯತೆ ಸುಮಾರು ಶೇ 5. 98 ಶೇಕಡಾ ಆದರೆ ಸರಾಸರಿ 49, ನೂರರ ಸಾಧ್ಯತೆ ಶೇ 13. 99 ಆದರೆ ಸರಾಸರಿ 99, ಸಾಧ್ಯತೆ ಶೇ 37. ಒಂದೇ ಒಂದು ಶೇಕಡಾ ಏರಿದ್ದಕ್ಕೆ ಸರಾಸರಿ ಎರಡರಷ್ಟು! ಇನ್ನು ಬ್ರೇಕ್ ಶಾಟ್ ಉಳಿದವುಗಳಿಗಿಂತ ಕಷ್ಟದ್ದು. ಪ್ರತಿ ಬ್ರೇಕ್ ಶಾಟ್ ಹಾಕಿ, ರ‍್ಯಾಕ್ ಒಡೆದು, ಮುಂದಿನ ಚೆಂಡು ಕಾಣುವಂತೆ ನಿಲ್ಲುವುದು 90 ಶೇಕಡಾ ಸಲ ಎಂದರೆ, 125ಕ್ಕೆ ಬೇಕಾದ ಎಂಟನ್ನೂ ದಾಟುವುದು ಶೇ 43 ಮಾತ್ರ. 95 ಶೇಕಡಾ ಆದರೆ ಶೇ 66.

ಹಾಗಾಗಿ ಒಬ್ಬನ ‘ಜೀವಮಾನದ ಹೈ ರನ್ 300’ ಎಂಬ ಮಾತಿಗಿಂತ, ಕಳೆದ ಎರಡು ಮೂರು ಟೂರ್ನಿಗಳಲ್ಲಿ ಅವನ ಇನ್ನಿಂಗ್ಸ್ ಸರಾಸರಿ ಎಷ್ಟು ಎಂಬುದು ಉಪಯುಕ್ತ. ಒಟ್ಟು ಹಾಕಿದ ಚೆಂಡುಗಳನ್ನು ಒಟ್ಟು ಇನ್ನಿಂಗ್ಸ್‌ಗಳಿಂದ ಭಾಗಿಸಿ. ಸೇಫ್ಟಿ ಆಡಿದ ಇನ್ನಿಂಗ್ಸ್ ಕೂಡ ಸೇರುವುದರಿಂದ ಈ ಸರಾಸರಿ ಮೇಲಿನ ಲೆಕ್ಕಕ್ಕಿಂತ ತುಂಬ ಕಡಿಮೆ ಕಾಣುತ್ತದೆ. ಗಾಬರಿ ಬೇಡ, ಎಲ್ಲರಿಗೂ ಅದೇ ಅಳತೆ.

ಗುಂಪುಗಳಾಗಿ ಆಡಿಸುವುದಕ್ಕೂ ನೇರ ನಾಕೌಟ್‌ಗೂ ಪಟ್ಟಿಯ ಮೇಲೆ ಪರಿಣಾಮವಿದೆಯೇ?

ಇದೆ, ಬಹಳ. 48 ಮಂದಿಯನ್ನು ಆರಾರರ 8 ಗುಂಪು ಮಾಡಿದರೆ ಗುಂಪಿಗೆ 15, ಒಟ್ಟು 120 ಪಂದ್ಯ. 12 ಮೇಜುಗಳಿದ್ದರೆ 10 ಸುತ್ತು. ಪಂದ್ಯಕ್ಕೆ ಎರಡು ಗಂಟೆ ಹಿಡಿದರೆ 20 ಗಂಟೆ, ಅಂದರೆ ತುಂಬು ಎರಡು ದಿನ. ಅದೇ 48 ಮಂದಿಗೆ ಎರಡು ಸೋಲಿನ ನಾಕೌಟ್ ಆದರೆ ಹೆಚ್ಚೆಂದರೆ 95 ಪಂದ್ಯ. ಗುಂಪು ಪದ್ಧತಿ ಆಯೋಜಕರಿಗೆ ಭಾರ, ಆಟಗಾರರಿಗೆ ಅಕ್ಕರೆ: ಐದು ಪಂದ್ಯ ಖಾತ್ರಿ. ಊರು ಬಿಟ್ಟು ಬರುವ ಹವ್ಯಾಸಿಗಳು ಇದನ್ನು ನೋಡಿಯೇ ಹೆಸರು ಕೊಡುತ್ತಾರೆ. ಆಗ ಪಟ್ಟಿ ಉದ್ದವಾಗುತ್ತದೆ, ಕೆಳಭಾಗ ಸ್ವಲ್ಪ ತೆಳುವಾಗುತ್ತದೆ.

ಡರ್ಬಿ ಸಿಟಿಯದು ಬೇರೆಯೇ ರೀತಿ. ಅಲ್ಲಿ ಫೀ ಕಟ್ಟಿ ಹೈ ರನ್ ಪ್ರಯತ್ನಗಳನ್ನು ಕೊಳ್ಳಬೇಕು, ಅತಿ ಹೆಚ್ಚು ಹೊಡೆದ ಕೆಲವರು ಮಾತ್ರ ನಾಕೌಟ್‌ಗೆ. ಆದ್ದರಿಂದ ಅಲ್ಲಿ ‘ಪಟ್ಟಿ’ ಎಂಬುದು ಮುಂಚಿತವಾಗಿ ಇರುವುದೇ ಇಲ್ಲ. ಅರ್ಹತೆಯ ಕೊನೆಯ ದಿನದವರೆಗೂ ಅಂಕಪಟ್ಟಿ ಅಲುಗಾಡುತ್ತಲೇ ಇರುತ್ತದೆ. ಸೇಫ್ಟಿಯಲ್ಲಿ ಪಳಗಿದವನಿಗಿಂತ ಬೇಗ ಲಯ ಹಿಡಿದು ಹೊಡೆಯುವವನಿಗೆ ಅಲ್ಲಿ ಅನುಕೂಲ.

ಗುರಿ 125 ಇದ್ದರೆ ಯಾರಿಗೆ ಲಾಭ, 200 ಇದ್ದರೆ ಯಾರಿಗೆ?

ಚಿಕ್ಕ ಗುರಿಯಲ್ಲಿ ಅಚ್ಚರಿ ಫಲಿತಾಂಶ ಹೆಚ್ಚು. ಒಬ್ಬ ಹವ್ಯಾಸಿಗೆ ಒಂದು 60, ಒಂದು 40 ಬಂದುಬಿಟ್ಟರೆ 100ರ ಪಂದ್ಯದಲ್ಲಿ ಚಾಂಪಿಯನ್ ಕೂಡ ಮನೆಗೆ. 200ಕ್ಕೆ ಹೋದಾಗ ಅದೇ ಹವ್ಯಾಸಿ ಅಂಥ ನಾಲ್ಕು ಸರದಿ ಹೊಂದಿಸಬೇಕು. ಗುಂಪಿನ ಹಂತದ ಗುರಿಯೂ ಫೈನಲ್‌ನ ಗುರಿಯೂ ಬೇರೆ ಬೇರೆ ಇರುವುದುಂಟು. ಎರಡನ್ನೂ ನೋಡಿಕೊಂಡು ಊಹೆ ಮಾಡಿ.

ಆದರೂ ಒಂದೇ ಸರದಿಯಲ್ಲಿ ಎಲ್ಲ ಮುಗಿಯುವುದೂ ಈ ಆಟದಲ್ಲಿದೆ. 1966ರ ಮೊದಲ ಯುಎಸ್ ಓಪನ್ ಫೈನಲ್‌ನಲ್ಲಿ ಇರ್ವಿಂಗ್ ಕ್ರೇನ್ ಅವರು ಜೋ ಬಾಲ್ಸಿಸ್ ವಿರುದ್ಧ, 1992ರ ಯುಎಸ್ ಓಪನ್ ಫೈನಲ್‌ನಲ್ಲಿ ಮೈಕ್ ಸೀಗಲ್ ಅವರು ಮೈಕ್ ಜುಗ್ಲನ್ ವಿರುದ್ಧ ಒಂದೇ ಸರದಿಯಲ್ಲಿ 150 ಹೊಡೆದು ಮುಗಿಸಿದರು. ಎದುರಾಳಿ ಎಷ್ಟೇ ದೊಡ್ಡವನಾದರೂ ಆಗ ಕುರ್ಚಿಯಲ್ಲಿ ಕೂತು ನೋಡುವುದಷ್ಟೇ ಕೆಲಸ.

ಮೇಜು, ಪಾಕೆಟ್, ಬಟ್ಟೆ ನೋಡಿ ಊಹೆ ಬದಲಿಸಬೇಕೇ?

ಬೇಕು. ವಿಶ್ವ ಪೂಲ್ ಸಂಸ್ಥೆಯ ಅಳತೆಯಂತೆ 9 ಅಡಿ ಮೇಜಿನ ಆಟದ ಜಾಗ 100 ಇಂಚು ಉದ್ದ, 50 ಇಂಚು ಅಗಲ. ಮೂಲೆ ಪಾಕೆಟ್‌ನ ಬಾಯಿ 4.5ರಿಂದ 4.625 ಇಂಚು. ಪಾಕೆಟ್ ಇದಕ್ಕಿಂತ ಬಿಗಿ ಮಾಡಿದರೆ ಉದ್ದದ ರನ್‌ಗಳು ಕಡಿಮೆಯಾಗಿ ಸೇಫ್ಟಿ ಆಟ ಹೆಚ್ಚುತ್ತದೆ. ಕಾರಣ, ಕುಶನ್‌ಗೆ (ಮೇಜಿನ ಅಂಚಿಗೆ) ಅಂಟಿದಂತೆ ಓಡುವ ಚೆಂಡುಗಳು ಬಾಯಿಯಲ್ಲಿ ಅಲುಗಾಡಿ ನಿಲ್ಲುತ್ತವೆ, ಬ್ರೇಕ್ ಶಾಟನ್ನು ಜೋರಾಗಿ ಹೊಡೆಯಲು ಕೈ ಹಿಂಜರಿಯುತ್ತದೆ, ಮೆಲ್ಲಗೆ ಹೊಡೆದರೆ ರ‍್ಯಾಕ್ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಆಗ ಹಿರಿಯ, ತಾಳ್ಮೆಯ ಆಟಗಾರರ ಹೆಸರನ್ನು ಒಂದೆರಡು ಸ್ಥಾನ ಮೇಲಕ್ಕೆ ತನ್ನಿ.

ಹೊಸ ಬಟ್ಟೆ, ತೊಳೆದು ಹೊಳಪು ಕೊಟ್ಟ ಚೆಂಡುಗಳಿದ್ದರೆ ರ‍್ಯಾಕ್ ಚೆನ್ನಾಗಿ ಒಡೆಯುತ್ತದೆ. ಸಭಾಂಗಣದಲ್ಲಿ ತೇವ ಹೆಚ್ಚಿದ್ದರೆ ಬಟ್ಟೆ ಭಾರವಾಗಿ, ಚೆಂಡುಗಳು ಒಂದಕ್ಕೊಂದು ಕಚ್ಚಿಕೊಂಡಂತಾಗಿ ಗುಂಪುಗಳು ಉಳಿದುಬಿಡುತ್ತವೆ. ಮೊದಲ ದಿನದ ಅಂಕಗಳಲ್ಲಿ 70ರ ಮೇಲಿನ ರನ್‌ಗಳು ಎಷ್ಟಿವೆ ಎಂದು ಎಣಿಸಿದರೆ ಮೇಜಿನ ಗುಣ ಗೊತ್ತಾಗುತ್ತದೆ.

ವಯಸ್ಸಾದವರಿಗೆ ಇಲ್ಲಿ ಅವಕಾಶವಿದೆಯೇ?

ಖಂಡಿತ. ಓರ್ಟ್‌ಮನ್ 1989ರಲ್ಲಿ ಶಿಕಾಗೋದಲ್ಲಿ ಯುಎಸ್ ಓಪನ್ 14.1 ಗೆದ್ದಾಗ ಫೈನಲ್‌ನಲ್ಲಿ ಸೋತವರು ಸ್ಟೀವ್ ಮಿಜೆರಾಕ್, 1970ರಿಂದ 1973ರವರೆಗೆ ಸತತ ನಾಲ್ಕು ಸಲ ಆ ಪ್ರಶಸ್ತಿ ಗೆದ್ದಿದ್ದವರು. ಅದೇ ಓರ್ಟ್‌ಮನ್ 21 ವರ್ಷಗಳ ನಂತರ, 2010ರಲ್ಲಿ ವಿಶ್ವ ಟೂರ್ನಿ ಗೆದ್ದರು. ತೋಳಿನ ಬಲ ಬೇಡುವ ಆಟವಲ್ಲ ಇದು. ಹಿರಿಯರಿಗೆ ಎದುರಾಗುವ ತೊಂದರೆ ಕಣ್ಣು, ಮತ್ತು ಒಂದೇ ದಿನ ಮೂರು ಪಂದ್ಯ ಆಡುವ ದಣಿವು. ವೇಳಾಪಟ್ಟಿಯಲ್ಲಿ ರಾತ್ರಿ 10ರ ಪಂದ್ಯ, ಮರುದಿನ ಬೆಳಿಗ್ಗೆ 10ಕ್ಕೆ ಮತ್ತೊಂದು ಇದ್ದರೆ ಅದನ್ನು ಗುರುತು ಹಾಕಿಕೊಳ್ಳಿ.

ಮಹಿಳೆಯರ ವಿಭಾಗದ ಪಟ್ಟಿ ಹೇಗೆ ಊಹಿಸುವುದು?

ಪ್ರತ್ಯೇಕ ವಿಭಾಗವಿದ್ದರೆ ಅದು ಸಾಮಾನ್ಯವಾಗಿ ಚಿಕ್ಕದು, ಯುರೋಪಿನವರ ಪಾಲು ಮುಖ್ಯ. ಯುರೋಪಿಯನ್ ಚಾಂಪಿಯನ್‌ಶಿಪ್‌ನ ಮಹಿಳಾ 14.1 ಫಲಿತಾಂಶ ಹಿಡಿದುಕೊಂಡೇ ಶುರು ಮಾಡಿ. ಇತಿಹಾಸದಲ್ಲಿ ಜೀನ್ ಬಲುಕಾಸ್ ಅವರು 1972ರಿಂದ 1978ರವರೆಗೆ ಮಹಿಳೆಯರ ಯುಎಸ್ ಓಪನನ್ನು ಸತತ ಏಳು ಸಲ ಗೆದ್ದದ್ದನ್ನು ಇವತ್ತಿಗೂ ಜನ ನೆನೆಯುತ್ತಾರೆ.

ಕೊನೆಗಳಿಗೆಯಲ್ಲಿ ಒಬ್ಬ ಹಿಂದೆ ಸರಿದರೆ ಏನಾಗುತ್ತದೆ?

ಡ್ರಾಗೆ ಮುಂಚೆ ಆದರೆ ಕಾಯುವ ಪಟ್ಟಿಯಿಂದ ಒಬ್ಬರು ಒಳಬರುತ್ತಾರೆ. ಅವರು ಹೆಚ್ಚಾಗಿ ಹತ್ತಿರದ ಊರಿನವರೇ, ಏಕೆಂದರೆ ಎರಡು ದಿನದಲ್ಲಿ ಬರಬಲ್ಲವರು ಅವರೇ. ಡ್ರಾ ಆದ ಮೇಲೆ ಆದರೆ ಆ ಜಾಗ ಖಾಲಿ, ಎದುರಾಳಿಗೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತು. ಗುಂಪಿನ ನಡುವೆ ಒಬ್ಬ ಬಿಟ್ಟುಹೋದಾಗಲೇ ನಿಜವಾದ ತಲೆನೋವು. ಕೆಲವು ಟೂರ್ನಿಗಳಲ್ಲಿ ಅವನ ಎಲ್ಲ ಫಲಿತಾಂಶಗಳನ್ನೂ ಅಳಿಸುತ್ತಾರೆ, ಕೆಲವದರಲ್ಲಿ ಉಳಿದ ಪಂದ್ಯಗಳನ್ನು ಮಾತ್ರ ಎದುರಾಳಿಗಳಿಗೆ ಗೆಲುವು ಎಂದು ಕೊಡುತ್ತಾರೆ. ಎರಡನೆಯ ಕ್ರಮದಲ್ಲಿ ಅವನ ವಿರುದ್ಧ ಆಗಲೇ ಆಡಿ ಸೋತವರಿಗೆ ಅನ್ಯಾಯವಾಗುತ್ತದೆ. ಮೊದಲ ಕ್ರಮವೇ ಸರಿ ಎಂಬುದು ನಮ್ಮ ನಿಲುವು.

ಗುಂಪಿನಲ್ಲಿ ಇಬ್ಬರು ಸಮನಾದಾಗ ಮೊದಲು ಪರಸ್ಪರ ಪಂದ್ಯವೋ, ಒಟ್ಟು ಅಂಕಗಳ ವ್ಯತ್ಯಾಸವೋ ಎಂಬುದನ್ನೂ ನೋಡಿಡಿ. ಅಂಕಗಳ ವ್ಯತ್ಯಾಸವಾದರೆ ಸೋಲುವ ಪಂದ್ಯದಲ್ಲೂ 80 ಹೊಡೆದು ಸೋಲುವುದಕ್ಕೂ 20ಕ್ಕೆ ಸೋಲುವುದಕ್ಕೂ ಅಜಗಜಾಂತರ.

ಫೌಲ್ ನಿಯಮ ಗೊತ್ತಿಲ್ಲದ ಆಟಗಾರ ಪಟ್ಟಿಯಲ್ಲಿದ್ದರೆ?

ಅಂಥವರು ಪ್ರತಿ ಸಲವೂ ಇರುತ್ತಾರೆ. ಆರಂಭದ ಬ್ರೇಕ್‌ನಲ್ಲಿ, ಹೇಳಿದ ಚೆಂಡು ಬೀಳದಿದ್ದರೆ, ಎರಡು ಚೆಂಡುಗಳೂ ಕ್ಯೂ ಬಾಲೂ ಕುಶನ್ ಮುಟ್ಟಬೇಕು. ಇಲ್ಲವಾದರೆ 2 ಅಂಕ ಹೋಗುತ್ತದೆ, ಎದುರಾಳಿ ಮತ್ತೆ ಬ್ರೇಕ್ ಮಾಡಿಸಬಹುದು. ಅದಕ್ಕೇ ಲ್ಯಾಗ್ (ಯಾರು ಮೊದಲು ಎಂದು ತೀರ್ಮಾನಿಸುವ ಶಾಟ್) ಗೆದ್ದವರು ಎದುರಾಳಿಗೇ ಬ್ರೇಕ್ ಬಿಡುತ್ತಾರೆ. ಸಾಮಾನ್ಯ ಫೌಲ್‌ಗೆ 1 ಅಂಕ ಕಡಿತ. ಸತತ ಮೂರನೆಯದಕ್ಕೆ ಆ 1ರ ಮೇಲೆ ಇನ್ನೂ 15, ಜೊತೆಗೆ 15 ಚೆಂಡೂ ರ‍್ಯಾಕ್ ಮಾಡಿ ತಪ್ಪಿತಸ್ಥನೇ ಬ್ರೇಕ್ ಮಾಡಬೇಕು. ಪಳಗಿದವರು ಬೇಕೆಂದೇ ಒಂದು, ಎರಡು ಫೌಲ್ ಮಾಡಿ ಕ್ಯೂ ಬಾಲನ್ನು ರ‍್ಯಾಕ್‌ನ ಹಿಂದೆ ಅಂಟಿಸಿಟ್ಟು ಎದುರಾಳಿಯನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತಾರೆ. ನೈನ್ ಬಾಲ್‌ನಿಂದ ನೇರ ಬಂದವರು ಇಲ್ಲೇ ಮುಗ್ಗರಿಸುವುದು.

ಅಮೆರಿಕದಲ್ಲಿರುವ ಕನ್ನಡಿಗ ಹವ್ಯಾಸಿ ಇಂಥ ಟೂರ್ನಿಗೆ ಹೆಸರು ಕೊಡಬಹುದೇ?

ಟೂರ್ನಿ ‘ಓಪನ್’ ಆಗಿದ್ದು ಜಾಗವಿದ್ದರೆ ಕೊಡಬಹುದು. ಹ್ಯಾಂಡಿಕ್ಯಾಪ್ ಇರುವುದಿಲ್ಲ ಎಂಬುದು ನೆನಪಿರಲಿ. ಅಭ್ಯಾಸದಲ್ಲಿ ಎರಡು ರ‍್ಯಾಕ್ ದಾಟುವುದು, ಅಂದರೆ 30ರ ಮೇಲಿನ ರನ್, ವಾರಕ್ಕೊಮ್ಮೆಯಾದರೂ ಬರುತ್ತಿದ್ದರೆ ಹೋಗಿ ಬನ್ನಿ. ಅದಕ್ಕಿಂತ ಕಡಿಮೆಯಾದರೆ ಹೆಚ್ಚು ಹೊತ್ತು ಕುರ್ಚಿಯಲ್ಲೇ ಕಳೆಯಬೇಕಾಗುತ್ತದೆ. ಉಡುಪಿನ ನಿಯಮ, ಶಾಟ್ ಕ್ಲಾಕ್, ರ‍್ಯಾಕ್ ಯಾರು ಮಾಡಬೇಕು, ಮರದ ತ್ರಿಕೋನವೋ ಪ್ಲಾಸ್ಟಿಕ್ ಹಾಳೆಯೋ, ಇವನ್ನು ಮೊದಲೇ ಕೇಳಿಕೊಳ್ಳಿ. ಬೆಂಗಳೂರಿನಲ್ಲಿ ಇಂಗ್ಲಿಷ್ ಬಿಲಿಯರ್ಡ್ಸ್ ಆಡಿ ಬೆಳೆದವರಿಗೆ ಒಂದು ಅನುಕೂಲವಿದೆ: ಪಂಕಜ್ ಅಡ್ವಾಣಿಯವರಂಥವರು ಆಡುವ 150 ಅಂಕಗಳ ಪಂದ್ಯಗಳಂತೆ ಇಲ್ಲೂ ಮೇಜು ಬಿಟ್ಟುಕೊಡದೆ ಸಣ್ಣ ಸಣ್ಣ ಶಾಟ್‌ಗಳಲ್ಲಿ ಅಂಕ ಕೂಡಿಸುತ್ತ ಹೋಗಬೇಕು.

ಕರ್ನಾಟಕದಲ್ಲಿ ಕೂತು ಪಟ್ಟಿ, ಡ್ರಾ, ಪಂದ್ಯ ಹಿಂಬಾಲಿಸುವುದು ಹೇಗೆ?

ಡ್ರಾಗಳಿಗೆ ಜಾಲತಾಣಗಳಿವೆ: ಅಮೆರಿಕದ ಟೂರ್ನಿಗಳವು ಹೆಚ್ಚಾಗಿ ಡಿಜಿಟಲ್‌ಪೂಲ್‌ನಲ್ಲಿ, ಯುರೋಪಿನವು ಕ್ಯೂಸ್ಕೋರ್‌ನಲ್ಲಿ ಬರುತ್ತವೆ. ನೇರ ಪ್ರಸಾರ ಸಾಮಾನ್ಯವಾಗಿ ಒಂದೆರಡು ಮೇಜಿನದು ಮಾತ್ರ, ಉಳಿದವಕ್ಕೆ ಅಂಕವೇ ಗತಿ. ವರ್ಜೀನಿಯಾದಲ್ಲಿ ಅಕ್ಟೋಬರ್ ಪಂದ್ಯವಾದರೆ ನಮಗೆ ಒಂಬತ್ತೂವರೆ ಗಂಟೆ ಮುಂದೆ: ಅಲ್ಲಿ ಬೆಳಿಗ್ಗೆ 10 ಅಂದರೆ ಇಲ್ಲಿ ಸಂಜೆ 7:30, ಅಲ್ಲಿ ಮಧ್ಯಾಹ್ನ 1 ಅಂದರೆ ಇಲ್ಲಿ ರಾತ್ರಿ 10:30, ಅಲ್ಲಿ ಸಂಜೆ 7 ಅಂದರೆ ಇಲ್ಲಿ ಮರುದಿನ ನಸುಕಿನ 4:30. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುವುದರಿಂದ ವ್ಯತ್ಯಾಸ ಹತ್ತೂವರೆ ಗಂಟೆಯಾಗುತ್ತದೆ. ಆ ವಾರಾಂತ್ಯದಲ್ಲಿ ಟೂರ್ನಿ ಇದ್ದರೆ ಶನಿವಾರದ ಲೆಕ್ಕದಲ್ಲೇ ಭಾನುವಾರ ಟಿವಿ ಮುಂದೆ ಕೂತವರು ಒಂದು ಗಂಟೆ ಖಾಲಿ ಮೇಜು ನೋಡುತ್ತಾರೆ.

ಊಹೆಯ ಹಾಳೆಯನ್ನು ಕೊನೆಯದಾಗಿ ಯಾವಾಗ ತಿದ್ದಬೇಕು?

ಆಟಗಾರರ ಸಭೆ ಮುಗಿದು ಡ್ರಾ ಹೊರಬಿದ್ದ ರಾತ್ರಿ. ಬಂದವರು ಯಾರು ಎಂಬುದು ಆಗಷ್ಟೇ ಖಚಿತ. ಪ್ರತಿ ಗುಂಪಿನಲ್ಲೂ 14.1 ಪಂದ್ಯಗಳಲ್ಲಿ 100 ದಾಟಿದ ದಾಖಲೆ ಇರುವವರ ಹೆಸರಿಗೆ ಗೆರೆ ಎಳೆಯಿರಿ. ಒಂದೇ ಗುಂಪಿನಲ್ಲಿ ಅಂಥ ನಾಲ್ವರು ಬಿದ್ದಿದ್ದರೆ ಅವರಲ್ಲೊಬ್ಬ ದೊಡ್ಡ ಹೆಸರಿನವನು ಗುಂಪಿನಲ್ಲಿ ಕೆಳಗಿನ ಸ್ಥಾನ ಪಡೆದು ನಾಕೌಟ್‌ಗೆ ಬರುತ್ತಾನೆ. ಆಗ ಪಕ್ಕದ ಗುಂಪಿನ ಮೊದಲ ಸ್ಥಾನಿಗೆ ನೀವು ಬರೆದಿಟ್ಟ ಸುಲಭದ ದಾರಿಯನ್ನು ಅಳಿಸಿ ಮತ್ತೆ ಬರೆಯಬೇಕಾಗುತ್ತದೆ.